ಠಾಣೆಗೆ ಹೊರಟ ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ಲಂಚ ಮುಟ್ಟಬೇಡ ಅಂದದ್ದಕ್ಕೆ "ನನ್ನ ಮೇಲೆ ನಂಬಿಕೆ ಇಲ್ವಾ ಅಪ್ಪಾ?" ಅಂತ ಕೇಳಿ ಬಸ್ ಹತ್ತಿಬಿಟ್ಟೆ. ನಂಬಿಕೆ ಇದೆ. ನೀನು ಪಿಎಸ್‌ಐ ಆದದ್ದನ್ನು ಚರ್ಚಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿದ್ದೇನೆ. ನನ್ನ ಭಯ ಬೇರೆ.

ಬೈಬಲಿನಲ್ಲಿ ಪ್ರವಾದಿ ಹೋಶೇಯನ ಪುಸ್ತಕದ ನಾಲ್ಕನೇ ಅಧ್ಯಾಯ ತೆಗೆದು ನೋಡು. ಬಲಿ ಅರ್ಪಿಸುವ ಯಾಜಕರು ಜನರ ಪಾಪವನ್ನೇ ತಿಂದು ಬದುಕುತ್ತಾರೆ, ಜನ ಇನ್ನೂ ತಪ್ಪು ಮಾಡಲಿ ಅಂತ ಆಸೆಪಡುತ್ತಾರೆ ಎಂದು ದೇವರು ದೂರುತ್ತಾನೆ. ಪಾಪಪರಿಹಾರದ ಬಲಿಯಲ್ಲಿ ಯಾಜಕನಿಗೆ ಪಾಲಿತ್ತು. ಮೋಶೆಯ ಧರ್ಮಶಾಸ್ತ್ರವೇ ಕೊಟ್ಟ ಪಾಲು, ಕದ್ದದ್ದಲ್ಲ. ಆದರೆ ತಪ್ಪು ಹೆಚ್ಚಿದಷ್ಟೂ ಬಲಿ ಜಾಸ್ತಿ, ಬಲಿ ಹೆಚ್ಚಿದಷ್ಟೂ ಮಾಂಸ ಜಾಸ್ತಿ. ಆಮೇಲೆ ತಪ್ಪು ಮಾಡಬೇಡಿ ಅಂತ ಹೇಳುವವರು ಯಾರು?

ಇದನ್ನು ಓದಿದಾಗಲೆಲ್ಲ ನಮ್ಮ ಹಳೇ ಬೀದಿಯಲ್ಲಿ ಸಾರಾಯಿ ಮಾರುತ್ತಿದ್ದ ಆ ಮನೆ ಕಣ್ಣಮುಂದೆ ಬರುತ್ತದೆ. 2007ರಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿತು. ಅಲ್ಲಿ ಮಾತ್ರ ನಿಲ್ಲಲಿಲ್ಲ. ತಿಂಗಳು ತಿಂಗಳು ಠಾಣೆಯ ಅಧಿಕಾರಿಗೆ ಮಾಮೂಲು ಹೋಗುತ್ತಿತ್ತು. ಹೆಂಗಸರು ದೂರು ಕೊಟ್ಟು ಬಂದರೆ ಅದೇ ಸಂಜೆ ಮಾರುವವನಿಗೆ ಸುದ್ದಿ ಮುಟ್ಟುತ್ತಿತ್ತು. ನೀನಾಗ ಚಿಕ್ಕವಳು. ಪಕ್ಕದ ಮನೆಯಾಕೆ ಏಟು ತಿಂದು, ಮಗುವನ್ನು ಎತ್ತಿಕೊಂಡು ಬಂದು ನಮ್ಮ ಜಗಲಿಯಲ್ಲಿ ಮಲಗುತ್ತಿದ್ದಳು. ಅವಳ ಗಂಡ ಕುಡಿಯುವುದು ಬಿಟ್ಟರೆ ಆ ಅಧಿಕಾರಿಗೆ ನಷ್ಟ ಅಲ್ವಾ? ಇದೊಂದು ಮಾತು ನನ್ನ ತಲೆಯಿಂದ ಹೋಗುವುದೇ ಇಲ್ಲ. ಅವಳಿಗೆ ಬಿದ್ದ ಏಟಿನಲ್ಲಿ ಖಾಕಿ ಹಾಕಿದವನೊಬ್ಬನಿಗೆ ಪಾಲಿತ್ತು.

ಮೊದಲ ದಿನವೇ ಯಾರೂ ಹಾಗಾಗುವುದಿಲ್ಲ. ಬೈಬಲಿನಲ್ಲೇ ಇದೆ: ಇಸ್ರಾಯೇಲರು ಬಲಿ ಕೊಡುತ್ತಿದ್ದ ಶೀಲೋವಿನಲ್ಲಿ ಯಾಜಕ ಏಲಿಯ ಮಕ್ಕಳೂ ಯಾಜಕರೇ; ಅವರ ಆಳು ಮೂರು ಮೊನೆಯ ಕೊಂಡಿಯನ್ನು ಬಲಿಯ ಮಾಂಸ ಕುದಿಯುವ ಪಾತ್ರೆಗೆ ಚುಚ್ಚುತ್ತಿದ್ದ. ಅದಕ್ಕೆ ಸಿಕ್ಕಿದ್ದೆಲ್ಲ ಯಾಜಕನಿಗೆ. ಅದೂ ಸಾಲದೆ ಹಸಿ ಮಾಂಸವನ್ನೇ ಕೊಡು, ಇಲ್ಲದಿದ್ದರೆ ಕಿತ್ತುಕೊಳ್ಳುತ್ತೇನೆ ಅಂದ. ಏಲಿ ಬುದ್ಧಿ ಹೇಳಿದ, ತಡೆಯಲಿಲ್ಲ. ಏಲಿಯ ನಂತರ ಜನರಿಗೆ ನ್ಯಾಯ ತೀರಿಸಿದ ಸಮುವೇಲನಾದರೋ ಯಾರ ಎತ್ತನ್ನೂ ತೆಗೆದುಕೊಂಡವನಲ್ಲ. ಅಂಥವನ ಮಕ್ಕಳೂ ಬೇರ್ಷೆಬ ಊರಲ್ಲಿ ನ್ಯಾಯಾಧಿಪತಿಗಳಾಗಿ ಲಂಚ ತಿಂದರು. ಇನ್ನು ನಾನೆಷ್ಟರವನು, ಹೇಳು.

ದಂಡ ಹಾಕಿದರೆ ರಸೀದಿ ಕೊಡು. ಬಿಟ್ಟಿ ಚಹಾ ಬೇಡ. ಮಟ್ಕಾ ಬರೆಯುವವನು ಹಬ್ಬಕ್ಕೆ ಸ್ವೀಟ್ ಕಳಿಸಿದರೆ ವಾಪಸ್ ಕಳಿಸು. ಮೇಲಿನವರೇ ವಸೂಲಿ ಮಾಡು ಅಂದರೆ ಸುಲಭ ಅಲ್ಲ, ಗೊತ್ತು. ಎತ್ತಂಗಡಿ ಮಾಡಿದರೆ ಮಾಡಲಿ. ಹೊಸ ಊರಿಗೆ ಸಾಮಾನು ಹೊರಲು ನಾನು ಬರುತ್ತೇನೆ.

ಮತ್ತೆ ಉಪದೇಶವೇ ಆಯಿತು. ಮನಸ್ಸು ನೋಯಿಸಿದ್ದರೆ ಕ್ಷಮಿಸು ಮಗಳೇ. ಯಾವಳಾದರೂ ಕಂಕುಳಲ್ಲಿ ಮಗು ಇಟ್ಟುಕೊಂಡು ದೂರು ಕೊಡಲು ಬಂದರೆ ಕೂರಿಸಿ ಕೇಳು. ಅವಳ ಹೆಸರು ಮಾರುವವನ ಕಿವಿಗೆ ಬೀಳದಂತೆ ನೋಡಿಕೋ.

ನಿನ್ನ ಅಪ್ಪ