ಬೆರಳು ನಿಲ್ಲದಂತೆ ಮಾಡಿದವರು ಯಾರು?

ಮಾನ್ಯ ಸಂಪಾದಕರೇ,

ಗಂಡ ಹೆಂಡತಿ ಒಂದೇ ಸೋಫಾದಲ್ಲಿ ಕೂತು ಬೇರೆ ಬೇರೆ ರೀಲ್ಸ್ ನೋಡುವುದು ಈಗ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಮಾಮೂಲಿ. ಜಗಳವಿಲ್ಲ, ಮಾತೂ ಇಲ್ಲ. ಊರಿಂದ ಬಂದ ಅಜ್ಜಿ ಏನಾದರೂ ಕೇಳಿದರೆ ‘ಹಾಂ ಹಾಂ’ ಅನ್ನುತ್ತೇವೆ, ತಲೆ ಎತ್ತುವುದಿಲ್ಲ.

‘ಮನಸ್ಸು ಗಟ್ಟಿ ಇರಬೇಕು’ ಎಂದು ಬುದ್ಧಿ ಹೇಳುವವರೇ ಜಾಸ್ತಿ. ಆದರೆ ತಪ್ಪು ಪೂರ್ತಿ ನಮ್ಮದಲ್ಲ. ಹಿಂದೆ ಓದುತ್ತಾ ಓದುತ್ತಾ ಪುಟ ಮುಗಿದರೆ ‘ಮುಂದಿನ ಪುಟ’ ಒತ್ತಬೇಕಿತ್ತು. ಅಲ್ಲೊಂದು ನಿಲ್ಲುವ ಜಾಗವಿತ್ತು. 2006ರಲ್ಲಿ ಏಜಾ ರಸ್ಕಿನ್ ಎಂಬ ವಿನ್ಯಾಸಕಾರ, ಬೆರಳು ಸರಿಸಿದಷ್ಟೂ ಹೊಸದು ಬರುತ್ತಲೇ ಇರುವ, ಕೊನೆಯೇ ಇಲ್ಲದ ಸ್ಕ್ರೋಲ್ ರೂಪಿಸಿದರು. ಆಮೇಲೆ ಅವರೇ ಅದಕ್ಕೆ ಬೇಸರ ಪಟ್ಟುಕೊಂಡರು ಅನ್ನಿ. ಮುಂದಿನ ವಿಡಿಯೊ ಚೆನ್ನಾಗಿರಬಹುದು, ಇಲ್ಲದೆಯೂ ಇರಬಹುದು. ಲಾಟರಿಯಂಥ ಈ ಆಸೆಯೇ ಬೆರಳನ್ನು ಓಡಿಸುತ್ತದೆ. ಮಕ್ಕಳಿಗೆ ಸುಮ್ನೆ ಬೈದು ಏನು ಪ್ರಯೋಜನ? ಮನೆಯ ದೊಡ್ಡವರ ಕೈಯಲ್ಲೂ ಅದೇ ತಾನೇ ಇರುವುದು!

ನಮ್ಮ ನಿಮ್ಹಾನ್ಸ್‌ನಲ್ಲಿ ಇಂಥ ಗೀಳಿನಿಂದ ಹೊರಬರಲು ನೆರವಾಗುವ ‘ಶಟ್’ ಕ್ಲಿನಿಕ್ 2014ರಿಂದಲೇ ಇದೆ. ಎಷ್ಟು ಜನಕ್ಕೆ ಗೊತ್ತು? ಬಡಾವಣೆಗಳಲ್ಲಿರುವ ಸರ್ಕಾರದ ‘ನಮ್ಮ ಕ್ಲಿನಿಕ್’ಗಳಲ್ಲಿ ಬಿಪಿ, ಸಕ್ಕರೆ ಕಾಯಿಲೆ ವಿಚಾರಿಸುವಾಗಲೇ ಮೊಬೈಲ್ ಬಗ್ಗೆಯೂ ಎರಡು ಪ್ರಶ್ನೆ ಕೇಳಲಿ. ಬೇಕಾದವರನ್ನು ನಿಮ್ಹಾನ್ಸ್‌ಗೆ ಕಳಿಸಲಿ. ಅದಾಗದಿದ್ದರೆ ಆರೋಗ್ಯ ಇಲಾಖೆ ಶಟ್ ಕ್ಲಿನಿಕ್ಕಿನ ವಿವರ ಇರುವ ಒಂದು ಕನ್ನಡ ಬೋರ್ಡನ್ನಾದರೂ ಅಲ್ಲಿ ಹಾಕಿಸಲಿ.

– ಒಬ್ಬ ಓದುಗ, ಬಸವನಗುಡಿ, ಬೆಂಗಳೂರು