ಲೆಕ್ಕ ಕಲಿಯಲು ಪಿಯುಸಿವರೆಗೆ ಏಕೆ ಕಾಯಬೇಕು? ಶಾಲಾ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರಿಗೆ ನಮಸ್ಕಾರಗಳು.

ನಾನು ಸರ್ಕಾರಿ ಪದವಿ ಪೂರ್ವ ಕಾಲೇಜಿನಲ್ಲಿ ಲೆಕ್ಕಶಾಸ್ತ್ರ ಕಲಿಸಿ ನಿವೃತ್ತನಾದವನು. ಬೇಡಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಅರ್ಜಿಗಳಲ್ಲಿ ಅದು ಸಾಮಾನ್ಯವಾಗಿ ಕೊನೆಯ ಪುಟದಲ್ಲಿರುತ್ತದೆ, ಅಲ್ಲಿಯವರೆಗೆ ಓದುವ ವ್ಯವಧಾನ ಯಾವ ಕಚೇರಿಯಲ್ಲೂ ಇರುವುದಿಲ್ಲ. ಸರ್ಕಾರಿ ಪ್ರೌಢಶಾಲೆಗಳ 9 ಮತ್ತು 10ನೇ ತರಗತಿಯಲ್ಲಿ ವ್ಯವಹಾರ, ಲೆಕ್ಕಪತ್ರ, ಕಂಪ್ಯೂಟರ್ ಮೂರೂ ಸೇರಿದ ಒಂದು ಐಚ್ಛಿಕ ವಿಷಯವನ್ನು ಕನ್ನಡದಲ್ಲಿ ಆರಂಭಿಸಿ. ಅದನ್ನು ಕಲಿಸಲು ಇಲಾಖೆಯದೇ ಶಿಕ್ಷಕರನ್ನು ಕೊಡಿ. ಎರಡನೆಯದು ಆಗುವುದಿಲ್ಲವೆಂದಾದರೆ ಮೊದಲನೆಯದೂ ಬೇಡ.

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ವಾರ ಯಾವುದಾದರೂ ತಾಲ್ಲೂಕು ಕೇಂದ್ರದ ಪಿಯು ಕಾಲೇಜಿನ ಪ್ರವೇಶದ ಸರದಿಯ ಬಳಿ ನಿಂತು ನೋಡಿ. ಅರ್ಜಿಯಲ್ಲಿ ಎಚ್‌ಇಬಿಎ, ಸಿಇಬಿಎ ಎಂಬ ಅಕ್ಷರಗುಚ್ಛಗಳಿರುತ್ತವೆ, ವಾಣಿಜ್ಯ ವಿಭಾಗದ ವಿಷಯಗಳ ಗುಂಪಿನ ಹೆಸರುಗಳು ಅವು. ಲೆಕ್ಕಶಾಸ್ತ್ರವೆಂದರೆ ಗಣಿತವೇ ಇರಬೇಕೆಂದು ಹೆದರಿ ಕಲಾ ವಿಭಾಗಕ್ಕೆ ಹೋಗುವ ಮಕ್ಕಳಿದ್ದಾರೆ. ಗಣಿತ ಇರುವುದಿಲ್ಲವಂತೆ ಎಂದು ಯಾರೋ ಹೇಳಿದ್ದನ್ನು ನಂಬಿ ವಾಣಿಜ್ಯಕ್ಕೆ ಬರುವವರೂ ಇದ್ದಾರೆ. ವಿಜ್ಞಾನ ಬೇಕೋ ಬೇಡವೋ ಎಂದು ನಿರ್ಧರಿಸುವ ಹುಡುಗಿ ಅಷ್ಟು ಹೊತ್ತಿಗೆ ವಿಜ್ಞಾನವನ್ನು ವರ್ಷಗಟ್ಟಲೆ ಓದಿರುತ್ತಾಳೆ. ಅದು ತನಗೆ ಒಗ್ಗುತ್ತದೆಯೋ ಇಲ್ಲವೋ ಎಂಬುದು ಅವಳಿಗೆ ಗೊತ್ತು. ವಾಣಿಜ್ಯ ಆರಿಸಿಕೊಳ್ಳುವವಳು ಮಾತ್ರ ಮುಖ ನೋಡದೆ ಒಪ್ಪಿಕೊಳ್ಳಬೇಕು. ಆಮೇಲೆ ಪ್ರಥಮ ಪಿಯುಸಿಯ ಒಂದೇ ವರ್ಷದಲ್ಲಿ ದಿನದ ವ್ಯವಹಾರ ಬರೆಯುವ ದಿನಚರಿ, ಖಾತೆವಾರು ಬರೆಯುವ ಖಾತಾವಹಿ, ಲೆಕ್ಕ ಸರಿಹೊಂದಿದೆಯೇ ಎಂದು ನೋಡುವ ತಾಳೆಪಟ್ಟಿ, ಆಸ್ತಿ ಮತ್ತು ಸಾಲ ತೋರಿಸುವ ಅಢಾವೆ ಪತ್ರಿಕೆ ಎಲ್ಲವೂ ಅವಳ ಮೇಲೆ ಸುರಿಯುತ್ತವೆ. ಯಾವುದನ್ನು ಏಕೆ ಬರೆಯುತ್ತೇವೆ ಎಂದು ಹೇಳಲು ಮೇಷ್ಟರಿಗೆ ಸಮಯವಿಲ್ಲ. ಹೀಗಾಗಿ ನಿಯಮ ಬಾಯಿಪಾಠವಾಗುತ್ತದೆ: ಬಂದದ್ದಕ್ಕೆ ಡೆಬಿಟ್, ಹೋದದ್ದಕ್ಕೆ ಕ್ರೆಡಿಟ್. ಪರೀಕ್ಷೆ ಮುಗಿದ ಮೇಲೆ ಅದೂ ಹೋಗುತ್ತದೆ.

ಪ್ರೌಢಶಾಲೆಯಲ್ಲಿ ಇದೆಲ್ಲ ಈಗಾಗಲೇ ಇದೆಯಲ್ಲ ಎಂದು ನಿಮ್ಮ ಅಧಿಕಾರಿಗಳು ಟಿಪ್ಪಣಿ ಬರೆಯಬಹುದು. ನಿಜ, ಸಮಾಜ ವಿಜ್ಞಾನದ ಪುಸ್ತಕದ ಕೊನೆಯಲ್ಲಿ ವ್ಯವಹಾರ ಅಧ್ಯಯನ ಎಂಬ ಭಾಗವಿದೆ. ಹತ್ತನೆಯ ತರಗತಿಯಲ್ಲಿ ಬ್ಯಾಂಕ್ ವ್ಯವಹಾರ, ಉದ್ಯಮಗಾರಿಕೆ, ಗ್ರಾಹಕ ರಕ್ಷಣೆಯ ಪಾಠಗಳಿವೆ. ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ ಎಲ್ಲ ಮುಗಿದ ಮೇಲೆ ಉಳಿದ ಪುಟಗಳು ಅವು. ಕಲಿಸುವವರು ಹೆಚ್ಚಾಗಿ ಇತಿಹಾಸವನ್ನೋ ರಾಜ್ಯಶಾಸ್ತ್ರವನ್ನೋ ಓದಿ ಬಂದ ಶಿಕ್ಷಕರು, ತಪ್ಪು ಅವರದಲ್ಲ. ಮಗು ಉದ್ಯಮಿಯ ಗುಣಲಕ್ಷಣಗಳನ್ನು ಅಂಶವಾರು ಬರೆದು ಅಂಕ ತೆಗೆಯುತ್ತದೆ. ಆದರೆ ಒಂದು ಪಾಸ್‌ಬುಕ್ಕಿನ ಪುಟ ತೋರಿಸಿ, ಈ ತಿಂಗಳು ಈ ಮನೆಯಲ್ಲಿ ಏನು ನಡೆಯಿತು ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಹಾಗೆ ಕೇಳುವುದನ್ನು ನಾವು ಯಾವತ್ತೂ ಕಲಿಸಿಲ್ಲ.

2025ರ ಜುಲೈ ತಿಂಗಳನ್ನು ನೆನಪು ಮಾಡಿಕೊಳ್ಳಿ. ಯುಪಿಐ ಮೂಲಕ ಬಂದ ಹಣದ ಮೊತ್ತ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ಬೆಂಗಳೂರಿನ ಅಂಗಡಿಗಳ ಮುಂದೆ ಯುಪಿಐ ಇಲ್ಲ, ನಗದು ಮಾತ್ರ ಎಂಬ ಚೀಟಿಗಳು ಕಾಣಿಸಿಕೊಂಡವು. ತೆರಿಗೆಯ ನ್ಯಾಯಾನ್ಯಾಯವನ್ನು ನಾನಿಲ್ಲಿ ಚರ್ಚಿಸುವುದಿಲ್ಲ. ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ರೂಪಾಯಿ ದಾಟಿದರೆ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ತಾಜಾ ತರಕಾರಿಗೆ, ಹಾಲಿಗೆ ತೆರಿಗೆಯೇ ಇಲ್ಲ. ಹಾಗಿರುವಾಗ ತನ್ನ ಖಾತೆಗೆ ಬಂದ ಹಣದಲ್ಲಿ ತೆರಿಗೆ ಇಲ್ಲದ ಮಾಲಿನದು ಎಷ್ಟು, ತೆರಿಗೆ ಇರುವುದರದು ಎಷ್ಟು, ಭಾವಮೈದುನ ವಾಪಸು ಕೊಟ್ಟ ಕೈಸಾಲ ಎಷ್ಟು ಎಂದು ಬೇರ್ಪಡಿಸಿ ತೋರಿಸುವ ಒಂದು ಪುಸ್ತಕ ವ್ಯಾಪಾರಿಯ ಬಳಿ ಇದ್ದಿದ್ದರೆ ಆ ನೋಟಿಸಿಗೆ ಉತ್ತರ ಬರೆಯುವುದು ಒಂದು ಸಂಜೆಯ ಕೆಲಸ. ಪುಸ್ತಕ ಇರಲಿಲ್ಲ. ಅಂಗಡಿ ನಡೆಸುವ ಬುದ್ಧಿಗೆ ಅವರಲ್ಲಿ ಕೊರತೆ ಇಲ್ಲ. ಅವರಲ್ಲಿ ಬಹಳ ಮಂದಿ ಹತ್ತನೆಯ ತರಗತಿಯವರೆಗೆ ನಮ್ಮದೇ ಶಾಲೆಗಳಲ್ಲಿ ಕುಳಿತವರು. ತ್ರಿಕೋನಮಿತಿಯ ಸೂತ್ರಗಳನ್ನು ಕಲಿಸಿದೆವು, ದಿನದ ಜಮಾ-ಖರ್ಚಿನ ಕಿರ್ದಿ ಬರೆಯುವುದನ್ನು ಕಲಿಸಲಿಲ್ಲ. ತ್ರಿಕೋನಮಿತಿಯ ಮೇಲೆ ನನಗೇನೂ ಸಿಟ್ಟಿಲ್ಲ, ಅದೂ ಇರಲಿ.

ಊರಿನ ಲೆಕ್ಕ ಬರೆಯುವ ವಿದ್ಯೆ ನಮ್ಮಲ್ಲಿ ಬಹಳ ಕಾಲ ಕೆಲವೇ ಮನೆತನಗಳ ಸೊತ್ತಾಗಿತ್ತು. ಶಾನುಭೋಗಿಕೆ, ಕುಲಕರ್ಣಿಕೆಗಳು ತಂದೆಯಿಂದ ಮಗನಿಗೆ ಇಳಿಯುತ್ತಿದ್ದವು. 1961ರ ಗ್ರಾಮ ಹುದ್ದೆಗಳ ರದ್ಧತಿ ಕಾಯ್ದೆ ಆ ವಂಶಪಾರಂಪರ್ಯಕ್ಕೆ ಕೊನೆ ಹಾಡಿತು. ಹುದ್ದೆ ಹೋಯಿತು, ಸರಿ. ಆ ವಿದ್ಯೆಯನ್ನು ಎಲ್ಲ ಮಕ್ಕಳಿಗೂ ಹಂಚುವ ಕೆಲಸ ಆಯಿತೇ? ಲೇವಾದೇವಿಗಾರನ ಪುಸ್ತಕದಲ್ಲಿ ಏನು ಬರೆದಿದೆಯೆಂದು ತಿಳಿಯದೆ ಹೆಬ್ಬೆಟ್ಟು ಒತ್ತಿದವರ ಮೊಮ್ಮಗ ಈಗ ಮೊಬೈಲ್ ಸಾಲದ ಆ್ಯಪಿನಲ್ಲಿ, ವರ್ಷಕ್ಕೆ ಬಡ್ಡಿ ಎಷ್ಟಾಯಿತೆಂದು ತಿಳಿಯದೆ, ಒಪ್ಪಿಗೆಯ ಗುಂಡಿ ಒತ್ತುತ್ತಿದ್ದಾನೆ.

ಲೆಕ್ಕ ಬಲ್ಲವರು ಬೇಕಾಗಿರುವ ಜಾಗಗಳು ಹಳ್ಳಿಯಲ್ಲಿ ಕಡಿಮೆಯಾಗಿಲ್ಲ, ಹೆಚ್ಚಾಗಿವೆ. ಸಹಕಾರ ಚಳವಳಿಯ ತವರೆಂದು ನಾವು ಹೆಮ್ಮೆಪಡುವ ಗದಗ ಜಿಲ್ಲೆಯ ಕಣಗಿನಹಾಳದ ಸಂಘ ಹುಟ್ಟಿದ್ದು 1905ರಲ್ಲಿ. ಇಂದು ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಪುಸ್ತಕಗಳು ಕಂಪ್ಯೂಟರಿಗೆ ಏರುತ್ತಿವೆ. ದೇಶದ 63,000 ಸಂಘಗಳನ್ನು ಗಣಕೀಕರಣಗೊಳಿಸುವ ಯೋಜನೆಗೆ ಕೇಂದ್ರ ಸಂಪುಟ 2022ರಲ್ಲೇ ಒಪ್ಪಿಗೆ ಕೊಟ್ಟಿದೆ. ಹಾಲಿನ ಸಂಘಕ್ಕೆ ಕಾರ್ಯದರ್ಶಿ ಬೇಕು. ಮಹಿಳಾ ಸ್ವಸಹಾಯ ಗುಂಪುಗಳ ಸಂಜೀವಿನಿ ಒಕ್ಕೂಟಗಳಲ್ಲಿ ಎಂಬಿಕೆ ಎಂದು ಕರೆಯುವ ಮುಖ್ಯ ಪುಸ್ತಕ ಬರಹಗಾರ್ತಿಯರಿದ್ದಾರೆ. ಊರಿನ ಹೆಣ್ಣುಮಕ್ಕಳ ಉಳಿತಾಯದ ಲೆಕ್ಕವೆಲ್ಲ ಅವರ ಕೈಯಲ್ಲಿದೆ. ಅವರು ಅದನ್ನು ಕೆಲವು ದಿನಗಳ ತರಬೇತಿಯಲ್ಲಿ ಕಲಿತು ಉಳಿದದ್ದನ್ನು ಕೆಲಸ ಮಾಡುತ್ತಲೇ ಕಲಿಯುತ್ತಾರೆ. ಹದಿನೈದನೆಯ ವಯಸ್ಸಿಗೇ ಕಲಿಸಬಹುದಾಗಿದ್ದ ವಿಷಯ ಅದು.

ಏನು ಕಲಿಸಬೇಕು ಎಂಬ ಬಗ್ಗೆ ಸ್ವಲ್ಪ ಹೇಳಬೇಕು. ಪಠ್ಯಪುಸ್ತಕ ಸಮಿತಿ ಇಲ್ಲಿಯೇ ಎಡವುತ್ತದೆಂಬ ಭಯ ನನಗಿದೆ. ಪಿಯುಸಿ ಪುಸ್ತಕವನ್ನು ಕತ್ತರಿಸಿ ಒಂಬತ್ತನೆಯ ತರಗತಿಗೆ ಅಂಟಿಸಬೇಡಿ. ಲೆಕ್ಕಶಾಸ್ತ್ರದ ವ್ಯಾಖ್ಯೆಯಿಂದ ಪಾಠ ಆರಂಭವಾದರೆ ಮಗು ಎರಡನೆಯ ವಾರವೇ ಎದ್ದು ಹೋಗುತ್ತದೆ. ಹೊಲಿಗೆ ಮಾಡುವ ಹೆಂಗಸೊಬ್ಬಳ ಒಂದು ತಿಂಗಳಿನಿಂದ ಆರಂಭಿಸಿ. ಅವಳು 24,000 ರೂಪಾಯಿ ಕೊಟ್ಟು ಯಂತ್ರ ತಂದಳು. ಆ ತಿಂಗಳು ಹೊಲಿಗೆಯಿಂದ 9,000 ಬಂತು. ದಾರ, ಗುಂಡಿ, ವಿದ್ಯುತ್ತು, ಬಾಡಿಗೆಗೆ 3,000 ಹೋಯಿತು. ಪೆಟ್ಟಿಗೆ ನೋಡಿದರೆ 18,000 ಕಡಿಮೆ. ನಷ್ಟವಾಯಿತೇ? ಗಂಡ ನಷ್ಟವೆನ್ನುತ್ತಾನೆ, ತರಗತಿಯ ಅರ್ಧ ಮಕ್ಕಳೂ ಹೌದೆನ್ನುತ್ತಾರೆ. ಯಂತ್ರ ಹತ್ತು ವರ್ಷ ಬಾಳುತ್ತದೆ ಎಂದಿಟ್ಟುಕೊಂಡರೆ ತಿಂಗಳಿಗೆ ಅದರ ಸವಕಳಿ, ಅಂದರೆ ಸವೆದು ಕಡಿಮೆಯಾಗುವ ಬೆಲೆ, 200 ರೂಪಾಯಿ; ಅವಳ ಲಾಭ 5,800. ಹಣ ಬೇರೆ, ಲಾಭ ಬೇರೆ ಎಂಬುದು ಹೊಳೆಯುವ ಆ ಗಳಿಗೆಯಲ್ಲಿ ಮಕ್ಕಳ ಮುಖ ನೋಡಬೇಕು ನೀವು. ಮರುದಿನ ಇನ್ನೊಂದು ಪ್ರಶ್ನೆ: ಆ 9,000ದಲ್ಲಿ ಅರ್ಧ ಉದ್ರಿ ಆಗಿದ್ದರೆ? ಯಂತ್ರವನ್ನು ಸಾಲದಲ್ಲಿ ತಂದಿದ್ದರೆ? ಅವಳದೇ ಸಮಯಕ್ಕೆ ಕೂಲಿ ಎಷ್ಟು ಹಿಡಿಯಬೇಕು? ಡೆಬಿಟ್ ಕ್ರೆಡಿಟ್ ಎಂಬ ಪದಗಳು ಆಮೇಲೆ ತಾವಾಗಿಯೇ ಬರುತ್ತವೆ, ಅಷ್ಟು ಹೊತ್ತಿಗೆ ಮಕ್ಕಳಿಗೆ ಅವು ಬೇಕಾಗಿರುತ್ತವೆ.

ಕಂಪ್ಯೂಟರನ್ನು ಇದರ ಜೊತೆಗೇ ಕಲಿಸಬೇಕೆನ್ನುವುದೂ ಇದಕ್ಕೇ. ಕಾಗದದ ಮೇಲೆ ಬರೆದ ಹೊಲಿಗೆಯ ಲೆಕ್ಕವನ್ನೇ ಸ್ಪ್ರೆಡ್‌ಶೀಟಿಗೆ ಹಾಕಿ ಬಾಡಿಗೆಯ ಅಂಕಿ ಬದಲಿಸಿದರೆ ಲಾಭ ತಾನಾಗಿ ಬದಲಾಗುತ್ತದೆ. ಸೂತ್ರವೆಂದರೆ ಏನೆಂದು ಅಲ್ಲಿ ತಿಳಿಯುತ್ತದೆ. ಈಗ ಬಹಳ ಶಾಲೆಗಳಲ್ಲಿ ಕಂಪ್ಯೂಟರ್ ಪಾಠವೆಂದರೆ ಅದರ ಭಾಗಗಳ ಚಿತ್ರ ಬರೆದು ಹೆಸರಿಸುವುದು. ದೇಶದ ಲಕ್ಷಾಂತರ ಅಂಗಡಿಗಳ ಲೆಕ್ಕ ಹಿಡಿಯುವ ಟ್ಯಾಲಿ ತಂತ್ರಾಂಶ ಹುಟ್ಟಿ ಬೆಳೆದದ್ದು ಬೆಂಗಳೂರಿನಲ್ಲಿ. ನಮ್ಮ ಮಕ್ಕಳು ಬಿ.ಕಾಂ ಮುಗಿಸಿದ ಮೇಲೆ ಖಾಸಗಿ ತರಬೇತಿ ಕೇಂದ್ರಕ್ಕೆ ಶುಲ್ಕ ಕಟ್ಟಿ ಅದನ್ನು ಕಲಿಯುತ್ತಾರೆ.

ಈಗ ಶಿಕ್ಷಕರ ಮಾತು. ಈ ರಾಜ್ಯ ಒಮ್ಮೆ ಕೈ ಸುಟ್ಟುಕೊಂಡಿದೆ. ಈ ಶತಮಾನದ ಆರಂಭದಲ್ಲಿ ಮಾಹಿತಿ ಸಿಂಧು ಯೋಜನೆಯಡಿ ಪ್ರೌಢಶಾಲೆಗಳ ಕಂಪ್ಯೂಟರ್ ಶಿಕ್ಷಣವನ್ನು ಖಾಸಗಿ ಕಂಪನಿಗಳಿಗೆ ಗುತ್ತಿಗೆ ಕೊಡಲಾಯಿತು. ಯಂತ್ರಗಳನ್ನು ತಂದವರು ಅವರು, ಕಲಿಸಿದವರೂ ಅವರ ಬೋಧಕರೇ. ಶಾಲೆಯ ಸ್ವಂತ ಶಿಕ್ಷಕರು ಬಾಗಿಲ ಹೊರಗೆ ಉಳಿದರು. ಒಪ್ಪಂದದ ಅವಧಿ ಮುಗಿದಾಗ ಬೋಧಕರು ಹೋದರು, ಕೋಣೆಗೆ ಬೀಗ ಬಿತ್ತು. ಹೆಚ್ಚುಕಡಿಮೆ ಅದೇ ಕಾಲದಲ್ಲಿ, 2001ರಲ್ಲಿ, ಕೇರಳ ಐಟಿ ಅಟ್ ಸ್ಕೂಲ್ ಆರಂಭಿಸಿತು. ಅವರು ತಮ್ಮದೇ ಶಾಲೆಗಳ ಗಣಿತದ, ಭಾಷೆಯ ಮೇಷ್ಟರುಗಳಿಗೆ ತರಬೇತಿ ಕೊಟ್ಟರು. ಯಾರು ಬೇಕಾದರೂ ಬಳಸಿ ತಿದ್ದಿಕೊಳ್ಳಬಹುದಾದ ಸ್ವತಂತ್ರ ತಂತ್ರಾಂಶಗಳನ್ನು ಆರಿಸಿಕೊಂಡರು. ಎಸ್‌ಎಸ್‌ಎಲ್‌ಸಿಯಲ್ಲಿ ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಇಟ್ಟರು. 2017ರಲ್ಲಿ ಅದು ಕೈಟ್ ಎಂಬ ಸರ್ಕಾರಿ ಕಂಪನಿಯಾಗಿ ಬೆಳೆಯಿತು. ನಮ್ಮ ಯೋಜನೆಯ ಹೆಸರು ಮಾತ್ರ ಕಡತಗಳಲ್ಲಿ ಉಳಿದಿದೆ. ಆದ್ದರಿಂದಲೇ ಹೊರಗುತ್ತಿಗೆ ಎಂಬ ಶಬ್ದ ಈ ವಿಷಯದ ಆದೇಶದಲ್ಲಿ ಎಲ್ಲಿಯೂ ಬರಬಾರದೆಂದು ಕೇಳುತ್ತಿದ್ದೇನೆ. ಉಚಿತವಾಗಿ ಕಲಿಸಿಕೊಡುತ್ತೇವೆಂದು ಷೇರು ದಲ್ಲಾಳಿ ಸಂಸ್ಥೆಗಳೂ ಆ್ಯಪ್ ಕಂಪನಿಗಳೂ ನಾಳೆ ನಿಮ್ಮ ಬಾಗಿಲಿಗೆ ಬರುತ್ತವೆ. ಷೇರಿನ ಮುಂದಿನ ಬೆಲೆಯ ಮೇಲೆ ಪಣ ಕಟ್ಟುವಂಥ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟು ಮಾಡಿದ ಬಿಡಿ ಹೂಡಿಕೆದಾರರಲ್ಲಿ ಶೇ 93ರಷ್ಟು ಮಂದಿ ಮೂರು ವರ್ಷಗಳಲ್ಲಿ ನಷ್ಟ ಅನುಭವಿಸಿದರೆಂದು ಷೇರುಪೇಟೆಯ ನಿಯಂತ್ರಕ ಸೆಬಿ 2024ರಲ್ಲಿ ಹೇಳಿದೆ. ಬಾಗಿಲಿಗೆ ಬಂದ ಕಂಪನಿಯವರಿಗೆ ಒಂದು ಲೋಟ ಚಹಾ ಕೊಟ್ಟು ಕಳಿಸಿ.

ಶಿಕ್ಷಕರು ಎಲ್ಲಿಂದ ಬರಬೇಕು? ಮೊದಲ ವರ್ಷಕ್ಕೆ ಹೊಸ ನೇಮಕಾತಿಯೇ ಬೇಕಿಲ್ಲ. ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಒಂದನೆಯ ತರಗತಿಯಿಂದ ಪಿಯುಸಿಯವರೆಗೆ ಒಂದೇ ಆವರಣ. ಪ್ರೌಢಶಾಲಾ ವಿಭಾಗವಿರುವ ಹಳೆಯ ಸರ್ಕಾರಿ ಪಿಯು ಕಾಲೇಜುಗಳೂ ಬಹಳಷ್ಟಿವೆ. ಒಂಬತ್ತನೆಯ ತರಗತಿಯ ಕೋಣೆಗೂ ವಾಣಿಜ್ಯ ಉಪನ್ಯಾಸಕರು ಕುಳಿತುಕೊಳ್ಳುವ ಕೋಣೆಗೂ ನಡುವೆ ಒಂದು ಅಂಗಳವಿರುತ್ತದೆ, ಅಷ್ಟೇ. ದಾಟಲಾಗದಿರುವುದು ಆಡಳಿತದ ಗೋಡೆಯನ್ನು: ಇವರು ಒಬ್ಬ ಉಪನಿರ್ದೇಶಕರ ಅಧೀನ, ಅವರು ಇನ್ನೊಬ್ಬರ ಅಧೀನ. ಎಸ್‌ಎಸ್‌ಎಲ್‌ಸಿ ಮತ್ತು ಪಿಯು ಪರೀಕ್ಷೆಗಳು ಒಂದೇ ಮಂಡಳಿಯ ಕೆಳಗೆ ಬಂದಿರುವಾಗ ವಾರಕ್ಕೆ ಕೆಲವು ಪಾಠಗಳನ್ನು ಅಂಗಳದ ಆಚೆ ಮಾಡಿದರೆ ಅದನ್ನು ಕಾರ್ಯಭಾರವೆಂದು ಪರಿಗಣಿಸುವ ಒಂದು ಸುತ್ತೋಲೆ ಹೊರಡಿಸುವುದು ಕಷ್ಟವೇ? ಹೀಗೆ ಎರಡು ವರ್ಷ ನಡೆಸಿ ನೋಡಿ, ಆಮೇಲೆ ವಾಣಿಜ್ಯ ಮತ್ತು ಕಂಪ್ಯೂಟರ್ ಪದವೀಧರರಿಗೆ ಪ್ರೌಢಶಾಲೆಯಲ್ಲಿ ಕಾಯಂ ಹುದ್ದೆಗಳನ್ನು ಸೃಷ್ಟಿಸಿ.

ಇನ್ನು ವೇಳಾಪಟ್ಟಿ. ಈಗ ಕೆಲವು ಪ್ರೌಢಶಾಲೆಗಳಲ್ಲಿ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು, ಅಂದರೆ ಎನ್‌ಎಸ್‌ಕ್ಯೂಎಫ್ ಅಡಿಯಲ್ಲಿ ಮಾಹಿತಿ ತಂತ್ರಜ್ಞಾನ, ರಿಟೇಲ್ ಮುಂತಾದ ವೃತ್ತಿ ವಿಷಯಗಳಿವೆ. ಎಸ್‌ಎಸ್‌ಎಲ್‌ಸಿಯಲ್ಲಿ ಅವುಗಳಿಗೆ ಜಾಗ ಸಿಗುವುದು ತೃತೀಯ ಭಾಷೆಯ ಬದಲಿಗೆ. ಮಾಹಿತಿ ತಂತ್ರಜ್ಞಾನದ ಪಠ್ಯವನ್ನು ರೂಪಿಸಿದ್ದು ಡೇಟಾ ಎಂಟ್ರಿ ಕೆಲಸವನ್ನು ಕಣ್ಣ ಮುಂದಿಟ್ಟುಕೊಂಡು. ನಮ್ಮ ಮಕ್ಕಳು ಇನ್ನೊಬ್ಬರ ಲೆಕ್ಕವನ್ನು ಟೈಪ್ ಮಾಡುವವರಾದರೆ ಸಾಕೆ? ಅತ್ತ ಸಿಬಿಎಸ್‌ಇ ಶಾಲೆಯ ಮಗುವಿಗೆ 9ನೇ ತರಗತಿಯಲ್ಲೇ ವ್ಯವಹಾರದ ಮೂಲಾಂಶಗಳು, ಪುಸ್ತಕ ಬರಹ ಮತ್ತು ಲೆಕ್ಕಶಾಸ್ತ್ರ, ಮಾಹಿತಿ ತಂತ್ರಜ್ಞಾನ ಎಂಬ ಆಯ್ಕೆಗಳಿವೆ. ಐಸಿಎಸ್‌ಇಯಲ್ಲಿ ವಾಣಿಜ್ಯ ಅಧ್ಯಯನವೂ ಕಂಪ್ಯೂಟರ್ ಅಪ್ಲಿಕೇಷನ್ಸೂ ಇವೆ. ಆಯ್ಕೆಯ ಸೌಭಾಗ್ಯ ಶುಲ್ಕ ಕಟ್ಟುವವರಿಗೆ ಮಾತ್ರ ಎಂದಾಗಬಾರದು. ಪ್ರೊ. ಸುಖದೇವ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ಕೊಟ್ಟ ವರದಿಯಲ್ಲಿ ತೃತೀಯ ಭಾಷೆ ಇಲ್ಲದ ದ್ವಿಭಾಷಾ ಸೂತ್ರವನ್ನು ಶಿಫಾರಸು ಮಾಡಿದೆ. ಭಾಷೆಯ ಜಗಳಕ್ಕೆ ನಾನು ಇಳಿಯುವುದಿಲ್ಲ. ಆದರೆ ಅದು ಜಾರಿಯಾಗಿ ವೇಳಾಪಟ್ಟಿಯಲ್ಲಿ ಅವಧಿಗಳು ತೆರವಾದರೆ ಅವುಗಳ ಮೇಲೆ ಹಕ್ಕು ಹೂಡಲು ಎಲ್ಲರೂ ಓಡಿ ಬರುತ್ತಾರೆ. ನನ್ನ ಅರ್ಜಿಯನ್ನು ಆ ಸರದಿಯಲ್ಲಿ ಮೊದಲನೆಯದೆಂದು ದಾಖಲಿಸಿಕೊಳ್ಳಿ.

ಕಡ್ಡಾಯ ಮಾಡಬೇಡಿ ಎಂಬುದೂ ನನ್ನ ಕೋರಿಕೆಯೇ. ಕಡ್ಡಾಯವಾದ ಮರುವರ್ಷ ಇದಕ್ಕೂ ಗೈಡುಗಳು ಬರುತ್ತವೆ. ಪರೀಕ್ಷೆಯಲ್ಲಿ ಅರ್ಧ ಅಂಕ ಕೈಯಾರೆ ಮಾಡಿದ ಕೆಲಸಕ್ಕೆ ಇರಲಿ: ಮಗು ಒಂದು ನಿಜವಾದ ಅಂಗಡಿಯ, ಸಂಘದ ಅಥವಾ ಕುರಿ ಸಾಕುವ ಮನೆಯ ಮೂರು ತಿಂಗಳ ಲೆಕ್ಕ ಬರೆದು, ಕಂಪ್ಯೂಟರಿಗೆ ಹಾಕಿ, ಪರೀಕ್ಷಕರ ಎದುರು ಕುಳಿತು ವಿವರಿಸಲಿ. ನಕಲು ಮಾಡಿದ್ದರೆ ಎರಡನೆಯ ಪ್ರಶ್ನೆಗೇ ಗೊತ್ತಾಗುತ್ತದೆ. ಲೆಕ್ಕದ ಮೇಷ್ಟರಿಗೆ ಅಷ್ಟನ್ನು ಬಿಡಿ.

ಪಠ್ಯಪುಸ್ತಕದ ಕರಡು ಸಿದ್ಧವಾದಾಗ ಅಂಕಿಗಳನ್ನು ತಾಳೆ ನೋಡುವವರು ಬೇಕಾಗುತ್ತಾರೆ. ಸಂಭಾವನೆ ಬೇಡ. ಕರಡನ್ನು ಮುದ್ರಣಕ್ಕೆ ಹೋಗುವ ಮೊದಲು ಕಳಿಸಿದರೆ ಸಾಕು.

ಇಂತಿ,
ನಿವೃತ್ತ ವಾಣಿಜ್ಯ ಉಪನ್ಯಾಸಕ