ನಸುಕಿನ ಮೂರು ತಾಸಿಗೆ ಬೀಗದ ಕೈ ಕೊಡಿ

ಮಾನ್ಯರೇ,

ಹಾಸನದಲ್ಲಿರುವ ನಾವು, ಲಂಡನ್ನಿನಲ್ಲಿರುವ ಹಳೆಯ ಸಹಪಾಠಿಗಳು ಸೇರಿ ಜುಲೈನಲ್ಲಿ 24 ತಾಸಿನ ರೋಯಿಂಗ್ ಯಂತ್ರದ (ಹುಟ್ಟು ಹಾಕುವಂತೆ ಎಳೆಯುವ ವ್ಯಾಯಾಮ ಯಂತ್ರ) ರಿಲೇ ಹಮ್ಮಿಕೊಂಡಿದ್ದೇವೆ. ದೋಣಿಯಿಲ್ಲ, ನೀರಿಲ್ಲ, ಹಿಡಿ ಎಳೆದರೆ ಒಳಗಿನ ಫ್ಯಾನು ಗರ್ರೆನ್ನುತ್ತದೆ, ಅಷ್ಟೇ. ಅಲ್ಲಿನ ಬೇಸಿಗೆಯಲ್ಲಿ ಲಂಡನ್ ನಮಗಿಂತ ನಾಲ್ಕೂವರೆ ತಾಸು ಹಿಂದೆ. ಪಾಳಿಪಟ್ಟಿ ಬರೆಯುವಾಗ ಆ ‘ಅರೆ’ಯನ್ನೇ ಮರೆತು ಮೂರು ಹಾಳೆ ಹರಿದೆ. ಅವರು ರಾತ್ರಿ 10ಕ್ಕೆ ಕೈಬಿಟ್ಟರೆ ಇಲ್ಲಿ ನಸುಕಿನ 2.30, ಇಲ್ಲಿನ ಯಂತ್ರದ ಹಿಡಿ ತಕ್ಷಣ ನಮ್ಮ ಕೈಗೆ ಬರಬೇಕು. ನಾವು ಹೋಗುವ ವ್ಯಾಯಾಮಶಾಲೆ ತೆರೆಯುವುದೋ 5.30ಕ್ಕೆ! ಕೇಳಿದರೆ, ‘ರಾತ್ರಿ ಯಾರು ಸಾರ್ ದೋಣಿ ಓಡಿಸುತ್ತಾರೆ?’ ಎಂದು ನಕ್ಕರು. ವಿದ್ಯುತ್ ಖರ್ಚು ಒಂದು ದೀಪದ್ದು ಮಾತ್ರ, ಕಾವಲುಗಾರರಿಗೆ ಕಾಫಿಯನ್ನು ಫ್ಲಾಸ್ಕಿನಲ್ಲಿ ನಾನೇ ತರುತ್ತೇನೆ. ಆ ಒಂದು ರಾತ್ರಿಯ ಮಟ್ಟಿಗಾದರೂ ಸಂಬಂಧಪಟ್ಟವರು ಬಾಗಿಲು ತೆರೆಯಲಿ.

– ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ, ಹಾಸನ